ದೀಪ ಹತ್ತದಿದ್ದಾಗ ಮಾಸ್ತರು ಏನು ಮಾಡಬೇಕು?

ಎಲ್‌ಇಡಿ ದೀಪಕ್ಕೆ ಎರಡು ಕಾಲು. ಒಂದು ಉದ್ದ, ಒಂದು ಗಿಡ್ಡ. ಉದ್ದನೆಯದಕ್ಕೆ ಬ್ಯಾಟರಿಯ ಪ್ಲಸ್ ತುದಿ, ಗಿಡ್ಡನೆಯದಕ್ಕೆ ಮೈನಸ್. ತಿರುಗುಮುರುಗಾಗಿ ಚುಚ್ಚಿದರೆ ದೀಪ ಹತ್ತುವುದಿಲ್ಲ. ಅದನ್ನು ಚುಚ್ಚುವ ಬಿಳಿ ಹಲಗೆಗೆ ಬ್ರೆಡ್‌ಬೋರ್ಡ್ ಎಂಬ ಹೆಸರು, ಮೈತುಂಬ ತೂತು. ಮೇಲಿಂದ ನೋಡಿದರೆ ಎಲ್ಲ ತೂತುಗಳೂ ಒಂದೇ ಥರ ಕಾಣುತ್ತವೆ, ಆದರೆ ಒಳಗೆ ಐದೈದು ತೂತುಗಳನ್ನು ಒಂದೊಂದು ಲೋಹದ ಪಟ್ಟಿ ಕೂಡಿಸಿರುತ್ತದೆ. ದೀಪದ ಎರಡೂ ಕಾಲು ಒಂದೇ ಪಟ್ಟಿಯ ಮೇಲೆ ಬಿದ್ದರೆ ಕರೆಂಟು ದೀಪವನ್ನು ಮುಟ್ಟದೆ ಪಟ್ಟಿಯ ಮೂಲಕವೇ ದಾಟಿಕೊಂಡು ಹೋಗುತ್ತದೆ. ಆಗಲೂ ದೀಪ ಹತ್ತುವುದಿಲ್ಲ. ಹಲಗೆಯ ಅಂಚಿನಲ್ಲಿ ಕೆಂಪು, ನೀಲಿ ಗೆರೆ ಎಳೆದ ಉದ್ದ ಸಾಲುಗಳಿರುತ್ತವೆ; ಕೆಲವು ಹಲಗೆಗಳಲ್ಲಿ ಅವು ನಡುವೆ ತುಂಡಾಗಿರುತ್ತವೆ, ನೋಡಿದರೆ ಗೊತ್ತಾಗುವುದೇ ಇಲ್ಲ. ಅಲ್ಲಿ ಎಡವಿದರೂ ಕತ್ತಲೆ. ರೆಸಿಸ್ಟರನ್ನು, ಅಂದರೆ ನಮ್ಮ ಪಠ್ಯಪುಸ್ತಕದ ರೋಧಕವನ್ನು, ಹಾಕಲು ಮರೆತರೆ ಮಾತ್ರ ದೀಪ ಒಮ್ಮೆ ಭರ್ಜರಿಯಾಗಿ ಹೊಳೆದು ಸತ್ತುಹೋಗುತ್ತದೆ. ಕೆಂಪು, ಕೆಂಪು, ಕಂದು ಪಟ್ಟೆಯ ರೆಸಿಸ್ಟರ್ ಎಂದರೆ 220 ಓಮ್. ಐದು ವೋಲ್ಟಿನಲ್ಲಿ ಎರಡು ವೋಲ್ಟನ್ನು ಕೆಂಪು ದೀಪವೇ ತಿನ್ನುತ್ತದೆ; ಉಳಿದ ಮೂರನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ದೀಪಕ್ಕೆ ಅಷ್ಟು ಸಾಕು.

ಶಾಲಾ ಶಿಕ್ಷಕರಿಗೆ ಎಲೆಕ್ಟ್ರಾನಿಕ್ಸ್ ಮತ್ತು ಪ್ರೋಗ್ರಾಮಿಂಗ್ ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಈ ಹತ್ತದ ದೀಪದ ಸುತ್ತಮುತ್ತಲೇ ಇದೆ ಎಂಬುದು ಈ ಲೇಖನದ ವಾದ. ತರಬೇತಿಗಳಲ್ಲಿ ಸಾಮಾನ್ಯವಾಗಿ ಹತ್ತುವ ದೀಪವನ್ನೇ ತೋರಿಸುತ್ತಾರೆ. ಸಂಪನ್ಮೂಲ ವ್ಯಕ್ತಿ ಮುಂದೆ ನಿಂತು ಜೋಡಿಸುತ್ತಾರೆ, ದೀಪ ಹತ್ತುತ್ತದೆ, ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ. ಆ ಶಿಕ್ಷಕರು ತಮ್ಮ ಶಾಲೆಗೆ ಹೋಗಿ ನಲವತ್ತು ಮಕ್ಕಳ ಎದುರು ಅದನ್ನೇ ಜೋಡಿಸಿದಾಗ ದೀಪ ಹತ್ತದೆ ಇದ್ದರೆ? ಆ ಐದು ನಿಮಿಷ ಏನು ಮಾಡಬೇಕೆಂದು ಗೊತ್ತಿಲ್ಲದವರು ಎರಡನೆಯ ಸಲ ಆ ಸಾಮಾನಿನ ಡಬ್ಬಿ ತೆಗೆಯುವುದು ಕಷ್ಟ. ಗೊತ್ತಿದ್ದವರು ಮಕ್ಕಳನ್ನೇ ಕರೆದು, ‘ಎಲ್ಲಿ ತಪ್ಪಿದೆ, ಹುಡುಕ್ರಿ ನೋಡೋಣ’ ಎನ್ನುತ್ತಾರೆ. ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಇಬ್ಬರ ನಡುವಿನ ವ್ಯತ್ಯಾಸ ವಿಷಯಜ್ಞಾನದ್ದಲ್ಲ, ತಪ್ಪು ಹುಡುಕಿದ ಅನುಭವದ್ದು. ತರಬೇತಿಯ ಮುಕ್ಕಾಲು ಸಮಯ ಹೋಗಬೇಕಾದದ್ದು ಆ ಅನುಭವಕ್ಕೆ.

ನಮ್ಮಲ್ಲಿ ಸಮಯಕ್ಕಿಂತ ಮೊದಲು ಸಾಮಾನು ಬರುತ್ತದೆ. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಈ ಶತಮಾನದ ಆರಂಭದಲ್ಲಿ, ಮಾಹಿತಿ ಸಿಂಧು ಯೋಜನೆಯ ಮೂಲಕ. 2004ರಲ್ಲಿ ಕೇಂದ್ರ ಸರಕಾರದ ಐಸಿಟಿ ಯೋಜನೆ ಬಂತು. ಕಂಪ್ಯೂಟರ್ ಕೊಡುವುದು, ಕಲಿಸುವವರನ್ನು ನೇಮಿಸುವುದು, ಐದು ವರ್ಷ ನೋಡಿಕೊಂಡು ಆಮೇಲೆ ಶಾಲೆಗೆ ಒಪ್ಪಿಸಿ ಹೋಗುವುದು, ಎಲ್ಲವೂ ಗುತ್ತಿಗೆ ಹಿಡಿದ ಕಂಪನಿಯ ಪಾಲಿಗೆ. ಶಾಲೆಯ ವಿಜ್ಞಾನ, ಗಣಿತ ಶಿಕ್ಷಕರಿಗೂ ಆ ಕಂಪ್ಯೂಟರ್ ಕೋಣೆಗೂ ನಂಟೇ ಇರಲಿಲ್ಲ. ಕಂಪ್ಯೂಟರ್ ಕಲಿಸಲು ಬೇರೆಯವರಿದ್ದರಲ್ಲ! ಗುತ್ತಿಗೆಯ ಐದು ವರ್ಷ ಮುಗಿಯುವ ಹೊತ್ತಿಗೆ ಯಂತ್ರಗಳಿಗೂ ವಯಸ್ಸಾಗಿರುತ್ತಿತ್ತು, ಕಲಿಸುವವರೂ ಹೊರಟಿರುತ್ತಿದ್ದರು. 2016ರಲ್ಲಿ ಬಂದ ಅಟಲ್ ಟಿಂಕರಿಂಗ್ ಲ್ಯಾಬ್ ಎಲೆಕ್ಟ್ರಾನಿಕ್ಸನ್ನೂ ಒಳಗೆ ತಂದಿತು. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆಂದು ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿ. ದೇಶದಲ್ಲಿ ಇಂಥ ಹತ್ತು ಸಾವಿರ ಲ್ಯಾಬ್‌ಗಳಾಗಿವೆ. 2025ರ ಬಜೆಟ್ಟಿನಲ್ಲಿ ಐದು ವರ್ಷದೊಳಗೆ ಸರಕಾರಿ ಶಾಲೆಗಳಲ್ಲಿ ಇನ್ನೂ 50,000 ಎಂದು ಘೋಷಣೆಯಾಯಿತು. ತ್ರೀ-ಡಿ ಪ್ರಿಂಟರ್ ಇಡಲು ಒಂದು ಕೋಣೆ ಹುಡುಕಬಹುದು. ಆ ಕೋಣೆಯಲ್ಲಿ ಕೆಡಿಸಿ ಕಲಿಯಲು ಶಿಕ್ಷಕರಿಗೆ ಎಷ್ಟು ತಾಸು ಸಿಗುತ್ತದೆ ಎಂಬುದು ಘೋಷಣೆಗಳಲ್ಲಿ ಎಂದೂ ದಪ್ಪ ಅಕ್ಷರದಲ್ಲಿ ಬರುವುದಿಲ್ಲ.

ಹಣ ಕಡಿಮೆ ಇದ್ದುದರಿಂದ ಹೀಗಾಯಿತು ಎನ್ನುವವರು ಬ್ರಿಟನ್ ಕಡೆ ಒಮ್ಮೆ ನೋಡಬೇಕು. ಅಲ್ಲಿನ ಬಹಳಷ್ಟು ಶಾಲೆಗಳು ಟೈಪಿಂಗ್, ಸ್ಪ್ರೆಡ್‌ಶೀಟ್‌ನಂಥ ಪ್ರಾಥಮಿಕ ಕೌಶಲ ಬಿಟ್ಟು ಹೆಚ್ಚೇನೂ ಕಲಿಸುತ್ತಿಲ್ಲ ಎಂದು ರಾಯಲ್ ಸೊಸೈಟಿ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಪಠ್ಯಕ್ರಮ ಬಂತು. ಐದು ವರ್ಷದ ಮಗುವಿನಿಂದಲೇ ಪ್ರೋಗ್ರಾಮಿಂಗ್. 2016ರಲ್ಲಿ ಬಿಬಿಸಿ ಹತ್ತು ಲಕ್ಷದವರೆಗೆ ಮೈಕ್ರೋಬಿಟ್ ಎಂಬ ಅಂಗೈಗಿಂತ ಸಣ್ಣ ಕಂಪ್ಯೂಟರ್‌ಗಳನ್ನು ಮಕ್ಕಳಿಗೆ ಪುಕ್ಕಟೆ ಹಂಚಲು ಹೊರಟಿತು. ಇಷ್ಟೆಲ್ಲ ಆದ ಮೇಲೆ 2017ರಲ್ಲಿ ಅದೇ ರಾಯಲ್ ಸೊಸೈಟಿ ಮತ್ತೆ ಹೋಗಿ ನೋಡಿದರೆ, ಕಲಿಸಬೇಕಾದ ಶಿಕ್ಷಕರಲ್ಲಿ ಬಹಳ ಜನರಿಗೆ ಧೈರ್ಯವೇ ಇಲ್ಲ. ಆಮೇಲೆ, 2018ರಲ್ಲಿ, ಶಿಕ್ಷಕರ ತರಬೇತಿಗೆಂದೇ 8.4 ಕೋಟಿ ಪೌಂಡ್ ಇಟ್ಟು ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದರು. ಪಠ್ಯ ಮೊದಲು, ಸಾಮಾನು ಆಮೇಲೆ, ಮಾಸ್ತರು ಕಟ್ಟಕಡೆಗೆ. ಶ್ರೀಮಂತ ದೇಶ ನಾಲ್ಕು ವರ್ಷ ತಡವಾಗಿ ಕಲಿತ ಪಾಠವನ್ನು ನಾವು ಪುಕ್ಕಟೆ ಕಲಿಯಬಹುದಿತ್ತು.

ಪುಕ್ಕಟೆ ಕಲಿಯಲು ಲಂಡನ್ನಿಗೂ ಹೋಗಬೇಕಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬೇಕು, ಅಗ್ಗದ ಸಾಮಾನಿನಲ್ಲೇ ಕಲಿಯಬೇಕು ಎಂಬುದು ಅದರ ಹಟ. ಶಿಕ್ಷಕರನ್ನು ಬೇಸಿಗೆಯಲ್ಲಿ ಮೂರು ವಾರ ಕೂರಿಸಿ, ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನೇ ಅವರಿಂದ ಮಾಡಿಸುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ಹತ್ತಿರದ ಶಾಲೆಯೊಂದರಲ್ಲಿ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಏಕೆ ಕೈಕೊಟ್ಟಿತು ಎಂದು ಮಾತಾಡುತ್ತಿದ್ದರು. ಜಿಲ್ಲೆ ದಾಟಿ ಹರಡಿ ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಅಲ್ಲಿನ ಸರಕಾರ ನಿಲ್ಲಿಸಿತು, ಆ ಕತೆ ಬೇರೆ. ನಮ್ಮದೇ ನಲಿ-ಕಲಿ ಎಂಬ ಪ್ರಾಥಮಿಕ ಶಾಲೆಯ ಪದ್ಧತಿಯನ್ನು ನೋಡಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ತಮ್ಮ ಮಕ್ಕಳಿಗೆ ಒಗ್ಗುವ ಕಲಿಕಾ ಕಾರ್ಡುಗಳನ್ನು ತಾವೇ ಕೂತು ಬರೆದರು. ಎಲ್ಲಿಯತನಕ ಶಿಕ್ಷಕರು ಅದನ್ನು ತಾವು ಮಾಡಿದ್ದು ಎಂದುಕೊಂಡರೋ ಅಲ್ಲಿಯತನಕ ಅದಕ್ಕೆ ಜೀವವಿತ್ತು. ಮುದ್ರಿತ ಕಟ್ಟುಗಳಾಗಿ ರಾಜ್ಯಕ್ಕೆಲ್ಲ ಇಳಿದ ಮೇಲೆ ಎಷ್ಟೋ ಕಡೆ ಅದು ಇನ್ನೊಂದು ಸುತ್ತೋಲೆಯಾಯಿತು ಎಂಬ ಮಾತನ್ನು ಅದರ ಹಿತೈಷಿಗಳೇ ಆಡುತ್ತಾರೆ.

ಎಲೆಕ್ಟ್ರಾನಿಕ್ಸ್ ವಿಷಯಕ್ಕೇ ಬಂದರೆ ನೆರೆಯ ಕೇರಳ ಮುಂದಿದೆ. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಹೆಸರಿನ ಸಂಸ್ಥೆಯಾದ ಅಲ್ಲಿನ ಯೋಜನೆ ಹೊರಗಿನ ಬೋಧಕರನ್ನು ನೆಚ್ಚದೆ ಶಾಲೆಯ ಶಿಕ್ಷಕರಲ್ಲೇ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಮಾಡಿಕೊಂಡಿತು. ದುಡ್ಡು ಕೊಡಬೇಕಾದ ತಂತ್ರಾಂಶ ಬಿಟ್ಟು ಸ್ವತಂತ್ರ ತಂತ್ರಾಂಶ ಹಿಡಿಯಿತು. 2018ರಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಸಂಘಗಳಾದವು. 2025ರಿಂದ ಹತ್ತನೆಯ ತರಗತಿಯ ಎಲ್ಲರಿಗೂ ರೋಬೊಟಿಕ್ಸ್ ಪಾಠ. ಕನ್ನಡಿಗರಿಗೆ ಇದರಲ್ಲೊಂದು ತಮಾಷೆಯ, ಸ್ವಲ್ಪ ಚುಚ್ಚುವ ಸಂಗತಿಯಿದೆ. ಕೇರಳದ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ, ಏಕೆಂದರೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಬೇಂದ್ರೆ ನಾಡಿಗೆ ಬರುವ ಮೊದಲೇ ಕನ್ನಡದ ರೋಬೊಟಿಕ್ಸ್ ಪಾಠ ಮಂಜೇಶ್ವರ ಗೋವಿಂದ ಪೈಗಳ ಊರು ಸೇರಿತು ಎಂದಾಯಿತು. ಕರ್ನಾಟಕವೂ ಸುಮ್ಮನೆ ಕೂತಿರಲಿಲ್ಲ. 2011ರಿಂದ ರಾಜ್ಯದ ಶಿಕ್ಷಕ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕರನ್ನೇ ಕಂಪ್ಯೂಟರ್ ಮುಂದೆ ಕೂರಿಸಿ ಜಿಯೋಜಿಬ್ರ ಎಂಬ ಗಣಿತದ ತಂತ್ರಾಂಶ ಕಲಿಸಿತು. ದಾರಿ ಸರಿಯಾಗಿಯೇ ಇತ್ತು. ಅದು ಪರದೆಯ ಮೇಲಿನ ತ್ರಿಕೋನದಿಂದ ಕೈಯಲ್ಲಿನ ತಂತಿಯವರೆಗೆ ಬರಬೇಕಿದೆ, ಅಷ್ಟೇ.

ಈ ಮಾತನ್ನು ಒಂದು ಊರಿಗೆ ಹಚ್ಚಿ ನೋಡಲು ಈಗ ಚಡಚಣಕ್ಕೆ ಬರೋಣ. ವಿಜಯಪುರ ಜಿಲ್ಲೆಯ ಉತ್ತರದ ತುದಿ, ಭೀಮಾ ನದಿಯ ಆಸುಪಾಸು, ಆಚೆಗೆ ಸೊಲ್ಲಾಪುರದ ಸೀಮೆ. ಇಂಡಿಯಿಂದ ಬೇರೆಯಾಗಿ ತಾಲ್ಲೂಕು ಆದದ್ದು ಇತ್ತೀಚೆಗೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದಕ್ಕೂ ಮೊದಲೇ ಪ್ರತ್ಯೇಕ ವಲಯ. ಬಸವನ ಬಾಗೇವಾಡಿಯ ಕಡೆ ಹೋದರೆ ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್, ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಉಷ್ಣವಿದ್ಯುತ್. ಇಷ್ಟು ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠಕ್ಕೆ ಉದಾಹರಣೆಯನ್ನು ಹೊರಗಿನಿಂದ ತರಬೇಕಿಲ್ಲ. ಇಂಡಿ ಲಿಂಬೆಯ ತೋಟ, ದಾಳಿಂಬೆ, ದ್ರಾಕ್ಷಿ, ಕಬ್ಬು ಎಲ್ಲದರ ಬೆನ್ನಿಗೂ ಬೋರ್‌ವೆಲ್ಲು. ಬೋರಿನ ಬೆನ್ನಿಗೆ ಸ್ಟಾರ್ಟರ್ ಡಬ್ಬಿ. ಹಸಿರು ಗುಂಡಿ ಒತ್ತಿದರೆ ಮೋಟರು ಚಾಲೂ, ಕೆಂಪು ಒತ್ತಿದರೆ ಬಂದ್. ಒಳಗೊಂದು ಕಾಯಿಲ್ ಇರುತ್ತದೆ. ಕರೆಂಟಿದ್ದಷ್ಟು ಹೊತ್ತು ಅದು ಅಯಸ್ಕಾಂತವಾಗಿ ಸಂಪರ್ಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಕರೆಂಟು ಹೋದೊಡನೆ ಬಿಟ್ಟುಬಿಡುತ್ತದೆ. ಕರೆಂಟು ಮತ್ತೆ ಬಂದರೂ ಮೋಟರು ತಾನಾಗಿ ಶುರುವಾಗುವುದಿಲ್ಲ, ಯಾರಾದರೂ ಹೋಗಿ ಒತ್ತಬೇಕು. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ತಾಸು ಎಂಬುದು ಸರಕಾರದ ಮಾತು, ಅದೂ ರಾತ್ರಿ ಯಾವ ಹೊತ್ತಿಗೋ. ಅದಕ್ಕೇ ರೈತರು ಆಟೋ ಸ್ಟಾರ್ಟರ್ ಕೂಡಿಸುತ್ತಾರೆ. ಮೂರೂ ಫೇಸ್ ಬಂದಿವೆಯೇ ನೋಡು. ಬಂದಿದ್ದರೆ ಇಷ್ಟು ಸೆಕೆಂಡು ಕಾಯಿ. ಆಮೇಲೆ ಮೋಟರು ಚಾಲೂ ಮಾಡು. ಒಂದು ಫೇಸ್ ಹೋದರೆ ತಕ್ಷಣ ನಿಲ್ಲಿಸು, ಇಲ್ಲವಾದರೆ ವೈಂಡಿಂಗ್ ಸುಟ್ಟೀತು. ಪ್ರೋಗ್ರಾಂ ಎಂದರೆ ಇದೇ. ‘ಹೀಗಾದರೆ’ ಎಂಬ ಷರತ್ತು, ಕಾಯುವ ಹೊತ್ತು, ಮತ್ತೆ ಮೊದಲಿನಿಂದ ನೋಡುವ ಸುತ್ತು, ಮೂರೂ ಅದರಲ್ಲಿವೆ. ಕೋಡಿಂಗ್ ಎಂಬ ಶಬ್ದ ಕೇಳಿ ಬೆಚ್ಚುವ ಶಿಕ್ಷಕರಿಗೆ ಮನೆಯ ಹೊಲದಲ್ಲೇ ಒಂದು ಕೋಡ್ ಹಗಲೂರಾತ್ರಿ ನಡೆಯುತ್ತಿರುತ್ತದೆ.

ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಮೋಟರು ಶುರುವಾಗುವ ಕ್ಷಣದಲ್ಲಿ, ನಡೆಯುವಾಗ ಎಳೆಯುವುದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಒಂದು ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲೆ ಹತ್ತು ಹದಿನೈದು ಆಟೋ ಸ್ಟಾರ್ಟರ್‌ಗಳಿದ್ದು, ಕರೆಂಟು ಬಂದೊಡನೆ ಎಲ್ಲವೂ ಒಂದೇ ಸೆಕೆಂಡಿಗೆ ಚಾಲೂ ಆದರೆ ಟಿ.ಸಿ. ಸುಡಬಹುದು. ಟಿ.ಸಿ. ಸುಟ್ಟರೆ ಬದಲಿ ಬರುವತನಕ ಬೆಳೆ ಬಾಡುತ್ತದೆ. ಇದನ್ನು ಬಯಲುಸೀಮೆಯ ಹುಡುಗರಿಗೆ ವಿವರಿಸಬೇಕಾಗಿಲ್ಲ. ಶಿಕ್ಷಕರ ತರಬೇತಿಯಲ್ಲಿ ಇದನ್ನೇ ಸಮಸ್ಯೆಯಾಗಿ ಕೊಡಬೇಕು. ಎಂಟು ಜನಕ್ಕೆ ಎಂಟು ಆರ್ಡುಯಿನೊ ಹಲಗೆ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಕಂಪ್ಯೂಟರ್), ಒಂದೊಂದರ ಮೇಲೆ ಒಂದು ಎಲ್‌ಇಡಿ; ಎಲ್‌ಇಡಿಯೇ ಮೋಟರು. ಎಲ್ಲಕ್ಕೂ ಒಂದೇ ಸ್ವಿಚ್ಚಿನಿಂದ ಐದು ವೋಲ್ಟ್. ಸ್ವಿಚ್ಚು ಹಾಕಿದಾಗ ಎಂಟೂ ದೀಪ ಒಟ್ಟಿಗೆ ಹತ್ತಬಾರದು, ಒಂದೊಂದಾಗಿ ಹತ್ತಬೇಕು. ಆದರೆ ಎಂಟೂ ಹಲಗೆಗೆ ಒಂದೇ ಪ್ರೋಗ್ರಾಂ ಹಾಕಬೇಕು, ಏಕೆಂದರೆ ಕಂಪನಿಯವರು ಪ್ರತಿ ರೈತನಿಗೂ ಬೇರೆ ಬೇರೆ ಡಬ್ಬಿ ಮಾಡುವುದಿಲ್ಲ. ಯಾರಾದರೊಬ್ಬರಿಗೆ ಹೊಳೆದೇ ಹೊಳೆಯುತ್ತದೆ: ಕಾಯುವ ಹೊತ್ತನ್ನು ಚೀಟಿ ಎತ್ತಿದ ಹಾಗೆ ಯದ್ವಾತದ್ವಾ ಆರಿಸಬೇಕು. ಆರ್ಡುಯಿನೊದಲ್ಲಿ ಅದಕ್ಕೆ ರ್‍ಯಾಂಡಮ್ ಎಂಬ ಆಜ್ಞೆ ಇದೆ. ಬರೆಯುತ್ತಾರೆ, ಹಾಕುತ್ತಾರೆ, ಸ್ವಿಚ್ಚು ಒತ್ತುತ್ತಾರೆ. ಎಂಟೂ ದೀಪ ಸ್ವಲ್ಪ ಹೊತ್ತು ಕಾದು, ಒಟ್ಟಿಗೇ ಹತ್ತುತ್ತವೆ! ಏಕೆಂದರೆ ಆ ಹಲಗೆಯ ಚೀಟಿಗಳು ನಿಜವಾದ ಚೀಟಿಗಳಲ್ಲ. ಪ್ರತಿ ಸಲ ಕರೆಂಟು ಬಂದಾಗಲೂ ಅದೇ ಸಂಖ್ಯೆಗಳನ್ನು ಅದೇ ಸಾಲಿನಲ್ಲಿ ಕೊಡುತ್ತದೆ. ಎಲ್ಲಿಗೂ ಜೋಡಿಸದ ಒಂದು ಪಿನ್ನಿನಲ್ಲಿ ಅಲೆದಾಡುವ ಅಷ್ಟಿಷ್ಟು ವೋಲ್ಟೇಜನ್ನು ಓದಿ ಅದರಿಂದ ಎಣಿಕೆ ಆರಂಭಿಸು ಎಂದು ಹೇಳಿದಾಗ ಮಾತ್ರ ಹಲಗೆಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಇದನ್ನು ಉಪನ್ಯಾಸದಲ್ಲಿ ಹೇಳಿದರೆ ಎರಡು ವಾಕ್ಯ. ಒಂದೂವರೆ ತಾಸು ತಲೆ ಕೆರೆದುಕೊಂಡು ಕಂಡುಹಿಡಿದ ಶಿಕ್ಷಕಿ ಅದನ್ನು ನಿವೃತ್ತಿಯಾಗುವವರೆಗೂ ಮರೆಯುವುದಿಲ್ಲ. ಅಂದ ಹಾಗೆ, ನಿಜವಾದ ಸ್ಟಾರ್ಟರ್ ಡಬ್ಬಿಯನ್ನು ತರಗತಿಗೆ ತರುವ ಮಾತೇ ಇಲ್ಲ. ಅದರ ಕತೆ ತರಗತಿಗೆ ಬರಲಿ, 415 ವೋಲ್ಟು ಹೊಲದಲ್ಲೇ ಇರಲಿ.

ಪ್ರೋಗ್ರಾಮಿನ ತಪ್ಪಿಗೂ ತಂತಿಯ ತಪ್ಪಿಗೂ ಸ್ವಭಾವ ಬೇರೆ ಎಂಬುದನ್ನೂ ಹೀಗೆಯೇ ಕಲಿಯಬೇಕು. ಅರ್ಧವಿರಾಮ ಚಿಹ್ನೆ ಬಿಟ್ಟರೆ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಗೊಣಗುತ್ತದೆ, ಅದೂ ಎಷ್ಟೋ ಸಲ ತಪ್ಪಾದ ಸಾಲಿನ ಮುಂದಿನ ಸಾಲನ್ನು ತೋರಿಸಿ. ತಂತಿ ಮಾತಾಡುವುದಿಲ್ಲ. ಇವೆರಡರ ನಡುವಿನವು ಇನ್ನೂ ಸ್ವಾರಸ್ಯ: ದೀಪ ಹತ್ತಿದೆ, ಆದರೆ ಎಣ್ಣೆ ತೀರಿದ ಹಣತೆಯ ಹಾಗೆ ಮಂಕಾಗಿದೆ. ತಂತಿ ಸರಿ, ದೀಪ ಸರಿ, ಕಂಪ್ಯೂಟರ್ ಗೊಣಗಿಲ್ಲ. ಆ ಪಿನ್ನು ಕರೆಂಟು ಹೊರಗೆ ಕೊಡಬೇಕು ಎಂದು ಹೇಳುವ ಪಿನ್‌ಮೋಡ್ ಸಾಲು ಬಿಟ್ಟುಹೋಗಿದೆ. ಹಾಗಾಗಿ ಒಳಗಿನ ದೊಡ್ಡ ರೋಧಕವೊಂದರ ಮೂಲಕ ಒಸರಿದಷ್ಟು ಕರೆಂಟಷ್ಟೇ ದೀಪಕ್ಕೆ ಸಿಗುತ್ತಿದೆ. ಇಂಥ ಹತ್ತು ಹನ್ನೆರಡು ತಪ್ಪುಗಳನ್ನು ಬೇಕೆಂದೇ ಮಾಡಿಟ್ಟ ಹಲಗೆಗಳನ್ನು ಮೇಜಿನ ಮೇಲಿಟ್ಟು, ಶಿಕ್ಷಕರನ್ನು ಇಬ್ಬಿಬ್ಬರಾಗಿ ಕೂರಿಸಿ, ‘ಇದೇಕೆ ಹೀಗಿದೆ?’ ಎಂದು ಕೇಳುವುದೇ ಒಳ್ಳೆಯ ಮೊದಲ ದಿನ.

ಭಾಷೆಯ ಮಾತು ಇಲ್ಲಿ ಬಂದೇ ಬರುತ್ತದೆ. ಪಠ್ಯಪುಸ್ತಕದಲ್ಲಿ ರೋಧಕ, ವಿದ್ಯುತ್ ಮಂಡಲ, ವಿಭವಾಂತರ. ಅಂಗಡಿಯಲ್ಲಿ ರೆಸಿಸ್ಟರ್, ಸರ್ಕಿಟ್, ವೋಲ್ಟೇಜು. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಇನ್ನೂ ಬೇರೆ. ಅಲ್ಲಿ ಕಾಯಿಲ್ ‘ಎಳೆಯುತ್ತದೆ’, ‘ಬಿಡುತ್ತದೆ’, ಫೇಸ್ ‘ಹೋಗುತ್ತದೆ’, ಕರೆಂಟು ‘ಡಿಮ್ ಬರುತ್ತದೆ’. ಮೂರೂ ಕನ್ನಡವೇ, ಮೂರೂ ಶಿಕ್ಷಕರಿಗೆ ಬೇಕು. ಚಡಚಣದ ಪಕ್ಕದ ಹಲಸಂಗಿಯಲ್ಲಿ ಮಧುರಚೆನ್ನರು, ಚಡಚಣದವರೇ ಆದ ಸಿಂಪಿ ಲಿಂಗಣ್ಣನವರು ಮತ್ತವರ ಗೆಳೆಯರು ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದುದನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಓದಿದವರು ಕಡೆಗಣಿಸಿದ್ದ ಮಾತಿನಲ್ಲಿ ತೂಕವಿದೆ ಎಂದು ತೋರಿಸಿದ ಊರು ಅದು. ರಿವೈಂಡಿಂಗ್ ಅಂಗಡಿಯ ಕನ್ನಡವನ್ನು ಹಾಗೆ ಕಿವಿಗೊಟ್ಟು ಬರೆದುಕೊಂಡವರು ಇನ್ನೂ ಕಾಣುತ್ತಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ತಂತ್ರಾಂಶದ ಪಾಠಗಳನ್ನು ಕನ್ನಡದಲ್ಲೂ ಕೊಟ್ಟಿರುವುದು ದೊಡ್ಡ ಉಪಕಾರ. ಆದರೆ ಅನುವಾದದ ಕನ್ನಡಕ್ಕೆ ಕಿವಿ ಬಗ್ಗಲು ಸ್ವಲ್ಪ ಹೊತ್ತು ಬೇಕು. ಗಡಿಯಾಚೆಯ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳನ್ನೂ ಇಲ್ಲಿ ನೆನೆಯಬೇಕು. ಮಹಾರಾಷ್ಟ್ರದ ಬಾಲಭಾರತಿ ಅವುಗಳಿಗೆ ಕನ್ನಡ ಪಠ್ಯಪುಸ್ತಕ ಅಚ್ಚುಹಾಕಿ ಕೊಡುತ್ತದೆ. ತಂತಿ ಹಿಡಿದು ಕನ್ನಡದಲ್ಲಿ ಮಾತಾಡುವ ಕೂಟ ಬೇಕೆಂದರೆ ಅಲ್ಲಿನ ಶಿಕ್ಷಕರಿಗೆ ಚಡಚಣ ಬಹಳ ದೂರವೇನಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಗ್ರಾಮೀಣ ಶಿಕ್ಷಣದ ಸಮೀಕ್ಷೆಯಾದ ಅಸರ್ ವರದಿಗಳ ಪ್ರಕಾರ ಕರ್ನಾಟಕದ ಗ್ರಾಮೀಣ ಸರಕಾರಿ ಶಾಲೆಗಳ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಕಡಿಮೆ. ಓದಲು ಬಾರದ ಮಕ್ಕಳಿರುವಾಗ ಎಲ್‌ಇಡಿ ಏಕೆ? ಕೆಳಗಿನ ತರಗತಿಗಳ ಮಟ್ಟಿಗೆ ಈ ಮಾತನ್ನು ಒಪ್ಪಿಬಿಡಬೇಕು. ಒಂದರಿಂದ ಐದರವರೆಗಿನ ಶಿಕ್ಷಕರನ್ನು ಈ ತರಬೇತಿಗೆ ಎಳೆಯುವುದು ಅನ್ಯಾಯ. ಇದು ಎಂಟು, ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಶಿಕ್ಷಕರಿಗೆ. ಅವರಿಗೆ ಇದು ಹೊಸ ವಿಷಯವೂ ಅಲ್ಲ. ಓಮನ ನಿಯಮ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ. ಸರಣಿ, ಸಮಾಂತರ ಜೋಡಣೆಯ ಲೆಕ್ಕ ಬಿಡಿಸಿ ಪೂರ್ಣ ಅಂಕ ಪಡೆದ ಹುಡುಗಿ, ರೋಧಕ ಎಂಬುದು ಜೀರಿಗೆ ಕಾಳಿಗಿಂತ ತುಸು ದಪ್ಪ ಇರುತ್ತದೆ, ಮೈಮೇಲೆ ಬಣ್ಣದ ಪಟ್ಟೆಗಳಿರುತ್ತವೆ ಎಂಬುದನ್ನು ಒಮ್ಮೆಯೂ ನೋಡದೆ ಎಸ್ಸೆಸ್ಸೆಲ್ಸಿ ದಾಟಬಹುದಾದ ವ್ಯವಸ್ಥೆ ನಮ್ಮದು. ಅದೇ ಪಾಠವನ್ನು ಕೈಯಿಂದ ಮಾಡಿಸುವುದಕ್ಕೆ ಹೊಸ ಪೀರಿಯಡ್ಡು ಬೇಕಿಲ್ಲ.

ಶಿಕ್ಷಕರಿಗೆ ಪುರುಸೊತ್ತಿಲ್ಲ ಎಂಬುದೂ ನಿಜ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಇಲಾಖೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಚುನಾವಣೆ, ಗಣತಿ. ಅದರ ಮೇಲೆ ಇದೂ ಒಂದು ಎಂದರೆ ಯಾರಾದರೂ ಸಿಡುಕುತ್ತಾರೆ. ಆದರೆ ಅವರು ತರಬೇತಿಗೆ ಹೋಗುತ್ತಲೇ ಇದ್ದಾರೆ. ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ತಾಸು ಎಂದಿದೆ. ಆ ನೀತಿ ನಮಗೆ ಬೇಕೋ ಬೇಡವೋ ಎಂಬ ಜಗಳದಲ್ಲೂ ತರಬೇತಿಗಳೇನೂ ನಿಂತಿಲ್ಲ. ಕೇಳಬೇಕಾದದ್ದು ಆ ತಾಸುಗಳು ಎಲ್ಲಿ ಹೋಗುತ್ತವೆ ಎಂದು. ರಾಜ್ಯದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯಲ್ಲಿ ಕಲಿತವರು ತಾಲ್ಲೂಕಿಗೆ, ಅಲ್ಲಿಂದ ಕ್ಲಸ್ಟರಿಗೆ ಎಂದು ಮೇಲಿನ ಕೊಡದಿಂದ ಕೆಳಗಿನ ಕೊಡಕ್ಕೆ ಸುರಿಯುವ ಪದ್ಧತಿಯಲ್ಲಿ ಮೊದಲು ಚೆಲ್ಲಿಹೋಗುವುದು ಕೈಕೆಲಸ. ಬೆಂಗಳೂರಿನಲ್ಲಿ ಬ್ರೆಡ್‌ಬೋರ್ಡ್ ಆಗಿದ್ದದ್ದು ವಿಜಯಪುರದಲ್ಲಿ ವಿಡಿಯೊ ಆಗುತ್ತದೆ, ಚಡಚಣ ಮುಟ್ಟುವ ಹೊತ್ತಿಗೆ ಪಿಪಿಟಿಯ ಹದಿನಾಲ್ಕನೆಯ ಸ್ಲೈಡು. ಸುತ್ತೋಲೆಯ ವಿಷಯವಾದರೆ ಹೀಗೆ ಇಳಿಸಬಹುದು. ಬೆರಳಿನ ವಿದ್ಯೆ ಹೀಗೆ ಇಳಿಯುವುದಿಲ್ಲ.

ಕಂಪ್ಯೂಟರ್ ಕಲಿಸಲು ಬೇರೆ ಬೋಧಕರನ್ನೇ ನೇಮಿಸಿದರಾಗದೇ ಎಂದರೆ, ಐದು ವರ್ಷದ ಗುತ್ತಿಗೆಯ ಅನುಭವ ಮೇಲೆಯೇ ಬಂದಿದೆ. ಅವರು ಹೋದ ದಿನ ವಿದ್ಯೆಯೂ ಹೋಗುತ್ತದೆ. ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುವ ಕಾಲದಲ್ಲಿ ಶಿಕ್ಷಕರು ಏಕೆ ಕಲಿಯಬೇಕು ಎಂಬುದು ಹೊಸ ಪ್ರಶ್ನೆ. ಬರೆದುಕೊಡುತ್ತದೆ, ನಿಜ. ಹಲಗೆಯ ಫೋಟೊ ಕಳಿಸಿದರೆ ತಪ್ಪನ್ನೂ ತೋರಿಸೀತು. ಅದು ಆತ್ಮವಿಶ್ವಾಸದಿಂದ ಹೇಳಿದ್ದು ಸರಿಯೋ ಸುಳ್ಳೋ ಎಂದು ತಂತಿ ಕಿತ್ತು ಮತ್ತೊಮ್ಮೆ ಚುಚ್ಚಿ ನೋಡುವವರು ಬೇಕಲ್ಲ? ಯಂತ್ರ ಹೆಚ್ಚು ಹೇಳತೊಡಗಿದಷ್ಟೂ ಪರೀಕ್ಷಿಸುವ ಅಭ್ಯಾಸಕ್ಕೆ ಬೆಲೆ ಏರುತ್ತದೆ. ಎಂಟು ದೀಪ ಒಟ್ಟಿಗೆ ಹತ್ತಿದ್ದನ್ನು ಕಣ್ಣಾರೆ ಕಂಡವರಿಗೆ ಆ ಅಭ್ಯಾಸ ಬಂದಿರುತ್ತದೆ.

ಹಾಗಾದರೆ ಮಾಡುವುದು ಹೇಗೆ? ಹೊಸ ಕಟ್ಟಡ ಬೇಡ. ಶಿಕ್ಷಕರ ಸಮಾಲೋಚನಾ ಸಭೆ ಎಂಬುದು ಈಗಲೂ ಇದೆ. ಹೋಶಂಗಾಬಾದ್ ಶಿಕ್ಷಕರ ತಿಂಗಳ ಕೂಟದ ಅಸ್ಥಿಪಂಜರ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಅದರಲ್ಲಿ ಸುತ್ತೋಲೆ ಓದುವ ಹೊತ್ತನ್ನು ಅರ್ಧ ಮಾಡಿ, ಎರಡು ತಾಸು ಮೇಜಿನ ಮೇಲೆ ಹಲಗೆ ಹರವಬೇಕು. ಮೊದಲಿಗೆ ಬೇಸಿಗೆಯಲ್ಲೋ ದಸರಾ ರಜೆಯಲ್ಲೋ ಒಂದು ವಾರ ಜೊತೆಗೆ ಕೂರಬೇಕು, ವಿಜಯಪುರದಲ್ಲಿ ಅಲ್ಲ, ಬಸ್ಸಿನಲ್ಲಿ ಹೋಗಿ ಸಂಜೆ ಮನೆ ಮುಟ್ಟುವಷ್ಟು ಹತ್ತಿರದಲ್ಲಿ. ಮನೆ ನೋಡಿಕೊಳ್ಳಬೇಕಾದ ಶಿಕ್ಷಕಿಯರು ದೂರದ ವಸತಿ ತರಬೇತಿಗೆ ಬರಲಿಲ್ಲವೆಂದರೆ ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುವುದು ತಪ್ಪು. ಡಬ್ಬಿ ಸಣ್ಣದಿರಲಿ: ಬ್ರೆಡ್‌ಬೋರ್ಡ್, ಹತ್ತಿಪ್ಪತ್ತು ಎಲ್‌ಇಡಿ, ರೆಸಿಸ್ಟರ್‌ಗಳು, ತಂತಿ, ಒಂದು ಆರ್ಡುಯಿನೊ ನಕಲು ಹಲಗೆ. ಎಲ್ಲ ಸೇರಿ 20 ಲಕ್ಷದ ಲ್ಯಾಬಿನ ಬಡ್ಡಿಯ ಬಡ್ಡಿಯಲ್ಲಿ ಬರುತ್ತದೆ. ಅದು ಶಾಲೆಯ ಬೀರುವಿಗೆ ಹೋಗದೆ ಶಿಕ್ಷಕರ ಬ್ಯಾಗಿನಲ್ಲಿ ಮನೆಗೆ ಹೋಗಬೇಕು, ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ತೆರೆದುಕೊಳ್ಳಬೇಕು.

ಬೀರುವಿನ ಮಾತು ಸಣ್ಣದೆನಿಸಬಹುದು, ಆದರೆ ಎಷ್ಟೋ ಒಳ್ಳೆಯ ಯೋಜನೆಗಳು ಅಲ್ಲಿಯೇ ಉಸಿರುಗಟ್ಟಿದ್ದು. ಶಾಲೆಗೆ ಬಂದ ಸಾಮಾನು ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಬಾಳಿಕೆ ಬರುವಂಥದ್ದನ್ನು ಬರೆಯುವ ಪುಸ್ತಕಕ್ಕೆ ಕಚೇರಿ ಭಾಷೆಯಲ್ಲಿ ಡೆಡ್‌ಸ್ಟಾಕ್ ಎಂದೇ ಹೆಸರು. ಆ ಪುಟ ಸೇರಿದ ವಸ್ತು ಲೆಕ್ಕಪರಿಶೋಧನೆಯ ದಿನ ಹೇಗೆ ಬಂತೋ ಹಾಗೆಯೇ ಸಿಗಬೇಕು. ಮುರಿದರೆ, ಸುಟ್ಟರೆ ಉತ್ತರ ಕೊಡಬೇಕಾದವರು ಮುಖ್ಯಗುರುಗಳು. ಅವರು ಬೀಗ ಹಾಕಿದರೆ ಅವರನ್ನು ದೂರಿ ಫಲವಿಲ್ಲ. ಎರಡು ರೂಪಾಯಿಯ ಎಲ್‌ಇಡಿಗೆ ಕಾರಣ ಬರೆದುಕೊಡುವ ಕೆಲಸ ಯಾರಿಗೆ ಬೇಕು? ಸೀಮೆಸುಣ್ಣಕ್ಕೆ ಈ ತಾಪತ್ರಯವಿಲ್ಲ. ಅದು ಸವೆಯುವ ಸಾಮಾನು. ಪೆಟ್ಟಿಗೆ ಬಂತು, ಪೆಟ್ಟಿಗೆ ಖಾಲಿಯಾಯಿತು, ಸಹಿ. ಶಿಕ್ಷಕರಿಗೆ ಎಲೆಕ್ಟ್ರಾನಿಕ್ಸ್ ಕಲಿಸಲು ಹೊರಡುವ ಇಲಾಖೆ ಪಠ್ಯಕ್ರಮ ಬರೆಯುವ ಮೊದಲು ಒಂದು ಪುಟ್ಟ ಆದೇಶ ಹೊರಡಿಸಬಹುದು: ಎಲ್‌ಇಡಿ, ರೆಸಿಸ್ಟರ್, ತಂತಿ, ಬ್ಯಾಟರಿಗಳನ್ನು ಸೀಮೆಸುಣ್ಣ ಬರೆಯುವ ಪುಟದಲ್ಲೇ ಬರೆಯತಕ್ಕದ್ದು. ವರ್ಷದ ಕೊನೆಗೆ ತಪಾಸಣೆಗೆ ಬಂದವರು ಸುಟ್ಟ ದೀಪ ಎಷ್ಟು ಎಂದು ಕೇಳಲಿ. ಒಂದೂ ಇಲ್ಲ ಎಂದು ಉತ್ತರ ಬಂದ ಶಾಲೆಗೆ ಆ ತಿಂಗಳು ಇನ್ನೊಮ್ಮೆ ಹೋಗಿಬರಲಿ.